ರಾಜಾಜ್ಞೆಯೂ ಅಣ್ಣನ ತೂಬೂ

ನಾಟಕದಲ್ಲಿ ಕರ್ತವ್ಯನಿಷ್ಠನ ಪಾತ್ರ ಮಾಡುವವರಿಗೆ ಅನುಭವದಿಂದ ಒಂದು ಮಾತು ಹೇಳುತ್ತೇನೆ: ಅದನ್ನು ಸ್ವಂತ ಊರಿನಲ್ಲಿ ಮಾತ್ರ ಆಡಬೇಡಿ. ನಾನು ಆಡಿದೆ. ಎಪ್ಪತ್ತರ ದಶಕದ ಮಾತು. ಕಂಪ್ಲಿ ಹತ್ತಿರದ ನಮ್ಮ ಎಮ್ಮಿಗನೂರಿಗೆ ಡ್ಯಾಮಿನ ಕಾಲುವೆ ಬಂದು, ವರ್ಷಕ್ಕೆ ಎರಡು ಬೆಳೆ ಭತ್ತವಾಗಿ, ನಾಟಕದ ಹುಚ್ಚು ಹಿಡಿಯುವಷ್ಟು ಊರಿನ ಹೊಟ್ಟೆ ತುಂಬಿತ್ತು. ಈಗಲೂ ಹಸಿ ಭತ್ತದ ವಾಸನೆ ಬಂದರೆ ಮುಖಕ್ಕೆ ಬಳಿದುಕೊಂಡ ಬಣ್ಣವೇ ನನಗೆ ನೆನಪಾಗುವುದು.

ನಾನು ಸೇನಾಪತಿ. ನನ್ನ ಖಾಸಾ ಅಣ್ಣ ಬಸಣ್ಣ ನಾಟಕದಲ್ಲೂ ನನ್ನ ಅಣ್ಣನೇ. ರಾಜನ ವಿರುದ್ಧ ದಂಗೆ ಎದ್ದವನು. ಅವನನ್ನು ಸರಪಳಿಯಲ್ಲಿ ಬಿಗಿದು ರಾಜನ ಮುಂದೆ ನಿಲ್ಲಿಸುವುದು ನನ್ನ ಪಾಲಿಗೆ ಬಂದಿತ್ತು. ತಾಲೀಮಿನಲ್ಲಿ ದಿನವೂ ಮೊದಲು ಅಣ್ಣನ ಕಾಲು ಮುಟ್ಟಿ, ಆಮೇಲೆ "ಎಲೈ ದ್ರೋಹಿ" ಅನ್ನುತ್ತಿದ್ದೆ. ಹಾರ್ಮೋನಿಯಂ ಮಾಸ್ತರು, "ಲೇ, ನೀ ಸೇನಾಪತಿ ಅದಿಯೇನು, ಮದುವಿ ಮನಿಗೆ ಬಂದಿಯೇನು?" ಎಂದು ಗದರುತ್ತಿದ್ದರು.

ಇಂಥ ನಾಟಕಗಳಲ್ಲಿ ಒಂದು ಅನುಕೂಲವಿದೆ. ರಾಜಾಜ್ಞೆ ಒಂದು ಕಡೆ, ರಕ್ತಸಂಬಂಧ ಇನ್ನೊಂದು ಕಡೆ ಎಳೆಯತೊಡಗಿದೊಡನೆ ಮಾಸ್ತರು ದುಃಖದ ರಾಗ ಹಿಡಿಯುತ್ತಾರೆ. ನಟ ಒಂದು ಹಾಡು ಹಾಡಿ, ಕಣ್ಣೊರೆಸಿಕೊಂಡು, ಕರ್ತವ್ಯಕ್ಕೆ ಸಿದ್ಧನಾಗುತ್ತಾನೆ. ಜೀವನದಲ್ಲಿ ರಾಗ ಹಿಡಿಯುವವರಿಲ್ಲ. ಹೊಟ್ಟೆಪಾಡಿಗೆ ನಾನು ಸರ್ಕಾರಿ ಕಾಲುವೆಯ ಲಸ್ಕರ್. ಇಂಜಿನಿಯರ್ ಸಾಹೇಬರು ಹಾಕಿಕೊಟ್ಟ ಸರದಿಯಂತೆ ಗದ್ದೆಗಳ ತೂಬು ತೆರೆದು, ಮುಚ್ಚಿ, ಬೀಗ ಹಾಕುವವನು. ಆ ವರ್ಷ ಬೇಸಿಗೆ ಬೆಳೆಗೆ ನೀರು ಕಡಿಮೆ. ಅಣ್ಣನ ಸರದಿ ಮುಗಿದ ದಿನ ಮುಚ್ಚಲು ಹೋದರೆ, "ತೆನಿ ಹೊಡ್ಯಾಕ ಹತ್ತೈತಿ, ಇನ್ನೊಂದೆರಡು ದಿನ ಬಿಡೋ" ಎಂದ. ಅಪ್ಪ ತೀರಿಕೊಂಡ ಮೇಲೆ ತಾನು ಶಾಲೆ ಬಿಟ್ಟು ನನ್ನನ್ನು ಓದಿಸಿದ ಅಣ್ಣ. ಬೀಗ ಜೇಬಿಗೆ ಹಾಕಿಕೊಂಡು ವಾಪಸು ಬಂದೆ.

ಅಣ್ಣನ ಕೆಳಗಿನ ಗದ್ದೆ ಹನುಮಕ್ಕನದು. ಗಂಡನಿಲ್ಲದ ಹೆಂಗಸು. ಅಣ್ಣನ ತೂಬು ಮುಚ್ಚದೆ ಅವಳಿಗೆ ನೀರಿಲ್ಲ. ಎರಡು ದಿನ ಹೋಗಿ ಐದಾಯಿತು. ಅವಳ ಭತ್ತ ಹಳದಿಗೆ ತಿರುಗಿತು. ನಾನು ಆ ದಾರಿ ಬಿಟ್ಟು ಸುತ್ತುಹಾಕಿ ಓಡಾಡತೊಡಗಿದೆ.

ಅಷ್ಟರಲ್ಲಿ ನಾಟಕದ ದಿನ ಬಂತು. ಅಣ್ಣನಿಗೆ ಸರಪಳಿ ತೊಡಿಸಿ, ಎದೆಯುಬ್ಬಿಸಿ ಗರ್ಜಿಸಿದೆ: "ಪ್ರಭುವಿನ ಆಜ್ಞೆಯ ಮುಂದೆ ಒಡಹುಟ್ಟಿದವನೂ ನನಗೆ ಅನ್ಯನೇ ಸರಿ!"

ಮುಂದಿನ ಸಾಲಿನಿಂದ ಹನುಮಕ್ಕ ಕೇಳಿದಳು: "ಹಂಗಾದ್ರ ನಿಮ್ಮಣ್ಣನ ತೂಬಿಗೆ ಬೀಗ ಯಾಕ ಹಾಕಿಲ್ಲಪಾ?"

ಊರಿಗೆ ಊರೇ ನಕ್ಕಿತು. ಸಿಂಹಾಸನದ ಮೇಲಿದ್ದ ರಾಜನೂ ನಕ್ಕ. ಹನುಮಕ್ಕ ನಗಲಿಲ್ಲ, ಸರಪಳಿ ತೊಟ್ಟ ಅಣ್ಣ ತಲೆ ತಗ್ಗಿಸಿದ್ದ. ನನಗೆ ಮುಂದಿನ ಮಾತು ಮರೆತೇಹೋಯಿತು. ಅಂಥ ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಬೆಳಗಾದ ಕೂಡಲೇ ಬೀಗ ಹಿಡಿದು ಕಾಲುವೆಗೆ ಹೊರಟೆ, ಅಣ್ಣನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತಾಲೀಮು ಮಾಡುತ್ತ. ಹೋಗಿ ನೋಡಿದರೆ ಅಣ್ಣ ಮೊಣಕಾಲುದ್ದ ಕೆಸರಿನಲ್ಲಿ ನಿಂತು ತನ್ನ ತೂಬನ್ನು ತಾನೇ ಮುಚ್ಚುತ್ತಿದ್ದ. ನೀರು ಹನುಮಕ್ಕನ ಗದ್ದೆಯತ್ತ ಹೊರಟಿತ್ತು.

"ಬೆಳಿ ಅರ್ಧ ಹೋದ್ರ ಹೋಗ್ಲಿ. ಮಂದಿ ನಿನ್ನ ನೋಡಿ ನಗೂದು ನನಗ ತಡಕೊಳ್ಳಾಕ ಆಗ್ಲಿಲ್ಲ. ಬೀಗ ಹಾಕು" ಎಂದ.

ಅಣ್ಣ ತೀರಿಹೋಗಿ ಬಹಳ ವರ್ಷವಾಯಿತು. ನಾಟಕ ಬರೆಯುವವರು ಮನೆತನದ ಮಮತೆಗೂ ಅರಸನ ಆಜ್ಞೆಗೂ ಯಾವಾಗಲೂ ಕತ್ತಿ ಕೊಟ್ಟು ಎದುರುಬದುರು ನಿಲ್ಲಿಸುತ್ತಾರೆ. ನಮ್ಮೂರ ಕಾಲುವೆಯಲ್ಲಿ ಆ ಬೆಳಿಗ್ಗೆ ಸರ್ಕಾರದ ಆಜ್ಞೆ ಪಾಲಿಸಿದ್ದು ನನ್ನ ಮೇಲಿನ ಅಣ್ಣನ ಮಮತೆ. ನಾನು ಬರೀ ಬೀಗ ಹಾಕಿದೆ.