ಗರುಡನ ಪಾಲಿನ ಅಟ್ಟದ ಇಲಿ

ನಾನು ಹುಟ್ಟು ಪುಕ್ಕಲಿ. ಜಿರಲೆ ಕಂಡರೂ ಮಂಚ ಹತ್ತುವವಳು. ಇಂಥವಳನ್ನು ಕಟ್ಟಿಕೊಂಡು ನಮ್ಮ ಯಜಮಾನರು ಹೊನ್ನವಳ್ಳಿ ಪಕ್ಕದ ನಮ್ಮ ತೆಂಗಿನ ತೋಟದಲ್ಲಿ ಗಾಯಗೊಂಡ ಹದ್ದು, ಗಿಡುಗ, ಗೂಬೆಗಳಿಗೆ ಆಸರೆ ಮಾಡಿದರು. ಅರಣ್ಯ ಇಲಾಖೆಯವರು ತಂದುಕೊಡುತ್ತಾರೆ, ತಿಪಟೂರಿನ ಡಾಕ್ಟರು ಬಂದು ನೋಡುತ್ತಾರೆ, ಸಾಕುವುದು ನಾವು. ಮಾಂಸ ಕತ್ತರಿಸುವುದು, ಗೂಡು ತೊಳೆಯುವುದು ನನ್ನ ಪಾಲು. ಹಕ್ಕಿಯನ್ನು ಹಿಡಿಯುವುದು ಮಾತ್ರ ಅವರ ಕೆಲಸ. ಆ ಉಗುರು ನೋಡಿದರೇ ನನಗೆ ಕೈಕಾಲು ತಣ್ಣಗಾಗುತ್ತದೆ.

ಕಳೆದ ವರ್ಷ ಬೋರನಕಣಿವೆಯ ಹಿನ್ನೀರಿನಲ್ಲಿ ಮೀನಿನ ಬಲೆಗೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಗರುಡವೊಂದು ಬಂತು. ಸುದ್ದಿ ಕೇಳಿದ್ದೇ ತಡ, ಪಕ್ಕದ ತೋಟದ ಅಕ್ಕ ಓಡಿಬಂದಳು. ಅವಳ ಸೊಸೆ ಬಸುರಿ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಆಕಾಶದಲ್ಲಿ ಗರುಡ ಕಂಡರೆ ಕೈಮುಗಿದು ಗಲ್ಲ ತಟ್ಟಿಕೊಳ್ಳುವ ಹೆಂಗಸು, ಬೇಲಿ ಪಕ್ಕದಲ್ಲೇ ಗರುಡ ಬಂದು ಕೂತರೆ ಬಿಡುತ್ತಾಳೆಯೇ. ದಿನಾ ಜಾಲರಿಯ ಆಚೆ ನಿಂತು ಸೊಸೆಯ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದಳು. ಬರುವಾಗ ಬೋನಿಗೆ ಬಿದ್ದ ಇಲಿ ತರುತ್ತಿದ್ದಳು.

ಇಲಿಯ ವಿಷಯದಲ್ಲಿ ನಮ್ಮದೊಂದು ಕಟ್ಟುನಿಟ್ಟು ಇತ್ತು. ತೋಟದ ಇಲಿ ಬೇಡ, ಕೊಟ್ಟಿಗೆಯದು ಬೇಡ, ಅಟ್ಟದ ಇಲಿ ಮಾತ್ರ ಸರಿ. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ವರ್ಷವೇ ಹಿಡಿಯುತ್ತದೆ. ಬಾಯಿಗೆ ಹೋಗುವ ಕೊಬ್ಬರಿ ಇರುವ ಕಡೆ ಯಾರೂ ಇಲಿ ಪಾಷಾಣ ಇಡುವುದಿಲ್ಲ, ಬೋನು ಇಡುತ್ತಾರೆ. ಅದಕ್ಕೇ ಅಟ್ಟದ ಇಲಿ ಎಂದರೆ ನಮಗೆ ಕಣ್ಣುಮುಚ್ಚಿ ನಂಬಿಕೆ.

ಗರುಡನ ರೆಕ್ಕೆ ಕೂಡಿಕೊಂಡಿತ್ತು. ಇನ್ನೇನು ಬಿಡುವುದು ಅಂತಿದ್ದಾಗ, ಒಂದು ಬೆಳಿಗ್ಗೆ ಅಕ್ಕ ಇಲಿ ಕೊಟ್ಟಳು, ನಾನು ಹಾಕಿದೆ, ಅದು ನಮ್ಮ ಕಣ್ಣೆದುರೇ ಹರಿದು ತಿಂದಿತು. ಅವಳು ಹೊರಡುತ್ತಾ ಮಾತಿಗೆ ಮಾತು ಬಂದು ಹೇಳಿದಳು.

"ಇಲಿ ಕಾಟ ತಡೀಲಾರ್ದೆ ನನ್ ಮಗ ಮೋಟ್ರು ಮನೇಲಿ ಔಷ್ದಿ ಇಟ್ಟವ್ನೆ ಕಣೇ. ವೈರೆಲ್ಲ ಕಡ್ದಾಕ್ತವೆ."

"ಯಾವಾಗ ಇಟ್ಟ?"

"ಆಗ್ಲೇ ನಾಕೈದು ದಿನ ಆಯ್ತು. ಅದ್ಕೂ ಇದ್ಕೂ ಏನೇ? ಇದು ಅಟ್ಟದ್ ಇಲಿ."

ತೋಟಕ್ಕೆ ನೀರೆತ್ತುವ ಅವಳ ಮೋಟಾರು ಮನೆ, ವಾಸದ ಮನೆ, ಎರಡಕ್ಕೂ ಒಂದೇ ಗೋಡೆ. ಇಲಿಗೇನು ಗೊತ್ತು ಯಾವುದು ಅಟ್ಟ, ಯಾವುದು ಮೋಟಾರು ಮನೆ ಎಂದು. ಅಲ್ಲಿ ಪಾಷಾಣ ತಿಂದು ಇಲ್ಲಿ ಬೋನಿಗೆ ಬಿದ್ದಿದ್ದರೆ?

ನನ್ನ ಮುಖ ನೋಡಿಯೇ ಅಕ್ಕನಿಗೆ ಅರ್ಥವಾಯಿತು. ಅಲ್ಲೇ ಕುಸಿದು ಕೂತಳು. "ಅದು ಸತ್ರೆ ನನ್ ಸೊಸೆ ಬಸ್ರು ಉಳ್ಯಲ್ಲ ಕಣೇ," ಅಂದಳು. ಹಾಗೆಲ್ಲ ಏನೂ ಇಲ್ಲ ಎಂದು ಬೈದೆ. ಬೈದರೂ ನನಗೂ ಒಳಗೊಳಗೇ ಭಯ.

ಫೋನು ಮಾಡಿದ್ದೇ ಡಾಕ್ಟರು ಬೈಕಿನಲ್ಲಿ ಬಂದರು. "ಈ ವಿಷ ತಕ್ಷಣ ತೋರಿಸ್ಕೊಳಲ್ಲ. ಕೆಲವು ದಿನ ಬಿಟ್ಟು ಒಳಗೇ ರಕ್ತ ಸೋರುತ್ತೆ. ಈಗ್ಲೇ ಇಂಜೆಕ್ಷನ್ ಕೊಡೋಣ, ಹಿಡ್ಕೊಳಿ," ಅಂದರು. ಯಜಮಾನರು ಗೂಬೆಯೊಂದನ್ನು ಬಿಟ್ಟು ಬರಲು ಚಿಕ್ಕನಾಯಕನಹಳ್ಳಿ ಕಡೆ ಹೋಗಿದ್ದರು. ಚರ್ಮದ ಗ್ಲೌಸು ತೊಟ್ಟು ಕಾಲು ಹಿಡಿಯುವ ಸರದಿ ನನಗೇ ಬಂತು. ಟವೆಲಿನಲ್ಲಿ ರೆಕ್ಕೆ ಅಮುಕಿ ಹಿಡಿಯಲು ಇನ್ನೊಬ್ಬರು ಬೇಕು. ಅಕ್ಕ ಬಿಟ್ಟರೆ ಯಾರೂ ಇಲ್ಲ.

"ದೇವ್ರನ್ನ ಅಮುಕ್ಲಾ?" ಅಂದಳು. "ನನ್ ಕೈಲಾಗಲ್ಲ, ಬುಡು."

"ವಿಷ ಹಾಕ್ದಾಗ ದೇವ್ರಾಗಿರ್ಲಿಲ್ವಾ?" ನನ್ನ ಬಾಯಿ ಕೆಟ್ಟದ್ದು, ಅಂದುಬಿಟ್ಟೆ.

ಅವಳು ಚಪ್ಪಲಿ ಕಳಚಿಟ್ಟು ಒಳಗೆ ಬಂದಳು. ಹಕ್ಕಿ ಕೊಕ್ಕು ತೆರೆದು ಕಿರುಚಿತು. ಅದರ ಉಗುರು ನನ್ನ ಗ್ಲೌಸಿನಲ್ಲಿ ಇಳಿಯುತ್ತಿತ್ತು, ನಾನು ಕಣ್ಣು ಬಿಡಲೇ ಇಲ್ಲ. ಇಂಜೆಕ್ಷನ್ ಮುಗಿದು ಕಣ್ಣು ಬಿಟ್ಟಾಗ ಅಕ್ಕ ಟವೆಲನ್ನು ಎದೆಗೊತ್ತಿ ಹಿಡಿದಿದ್ದಳು. "ಅದರ ಎದೆ ಹೆಂಗ್ ಹೊಡ್ಕೊಂತದೆ ನೋಡೇ. ನಮ್ಗಿಂತ ಅದ್ಕೇ ಹೆದ್ರಿಕೆ," ಅಂದಳು.

ಆಮೇಲೆ ದಿನಾ ಅದೇ ಧ್ಯಾನ. ಅದರ ಹಿಕ್ಕೆಯಲ್ಲಿ ರಕ್ತವಿದೆಯೇ, ಬಾಯಿ ಬಿಳಚಿಕೊಂಡಿದೆಯೇ ಎಂದು ನೋಡುವುದೇ ಕೆಲಸ. ನಾನು ಗೂಡು ಗುಡಿಸುವಾಗ ಅಕ್ಕ ಬೇಲಿಯಾಚೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ಒಂದು ದಿನ ಮೂಗಿನ ಹತ್ತಿರ ಕೆಂಪು ಕಂಡು ನಾವಿಬ್ಬರೂ ಅತ್ತಿದ್ದೂ ಆಯಿತು. ಡಾಕ್ಟರು ಔಷಧಿ ಮುಂದುವರಿಸಿದರು. ನಿಧಾನಕ್ಕೆ ಅದು ಚೇತರಿಸಿಕೊಂಡಿತು. ಅಷ್ಟರಲ್ಲಿ ಸೊಸೆಗೂ ಹೆರಿಗೆಯಾಗಿ ತಾಯಿ ಮಗು ಕ್ಷೇಮವಾಗಿದ್ದರು.

ಬೋರನಕಣಿವೆಯಲ್ಲಿ ಬಿಟ್ಟ ದಿನ ಅಕ್ಕನೂ ಬಂದಿದ್ದಳು. ಪೆಟ್ಟಿಗೆ ತೆಗೆದದ್ದೇ ಗರುಡ ನೀರಿನ ಮೇಲೆ ಒಂದು ಸುತ್ತು ಹಾಕಿ ಏರಿತು. ಕೂಡಿದ್ದ ಜನವೆಲ್ಲ ಕೈಮುಗಿದು ಗಲ್ಲ ತಟ್ಟಿಕೊಂಡರು. ಅಕ್ಕನ ಕೈ ಮೇಲೆ ಹೋಗಲಿಲ್ಲ. ಅದು ಹೋದ ದಿಕ್ಕಿಗೆ ನೋಡುತ್ತಿದ್ದಳು. ಆ ಕಡೆ ತೋಟ, ತೋಟದೊಳಗೆ ಮನೆ, ಮನೆಮನೆಗೂ ಒಂದು ಮೋಟಾರು ಮನೆ.

"ಔಷ್ದಿ ಇಡೋದ್ನ ನಮ್ಮೊಬ್ರ ಮನೇಲಿ ನಿಲ್ಸಿದ್ರೆ ಆಯ್ತೇನೇ?" ಅಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರ ಕೈಯೂ ತಣ್ಣಗಿತ್ತು.