ಸಾತಲಿಂಗಪ್ಪನ ಗುರುವಾರದ ಉಪವಾಸ

ಸೊಲ್ಲಾಪುರದ ಚಾದರ ವ್ಯಾಪಾರಿ ಸಾತಲಿಂಗಪ್ಪ ಊಟಕ್ಕೆ ಕೂತು ‘ಸಾಕು’ ಎಂದರೆ ಯಾರೂ ನಂಬುತ್ತಿರಲಿಲ್ಲ. ತಪ್ಪು ಅವನದೇ. ಗಿರಾಕಿಯನ್ನು ಖಾನಾವಳಿಗೆ ಕರೆದೊಯ್ದು, ಸಾಕು ಸಾಕು ಎಂದವನ ತಾಟಿಗೆ ಇನ್ನೊಂದು ಶೇಂಗಾ ಹೋಳಿಗೆ ಹಾಕಿಸಿ, ಅದರ ಮೇಲೆ ತುಪ್ಪ ಸುರಿಸಿ, ಕೈ ತೊಳೆಯುವಷ್ಟರಲ್ಲಿ ಆರ್ಡರ್ ಹಿಡಿಯುವುದೇ ಅವನ ಧಂದೆಯ ಪದ್ಧತಿ. ಹೊಟ್ಟೆ ತುಂಬಿದವನಿಗೆ ಮಾಲು ಬೇಡವೆನ್ನಲು ನಾಲಿಗೆ ಏಳುವುದಿಲ್ಲ. ಆ ಪೇಟೆಯಲ್ಲಿ ತಾಟಿನ ಮೇಲೆ ಅಡ್ಡ ಹಿಡಿದ ಕೈ ಎಂದರೆ ನಿರಾಕರಣೆಯಲ್ಲ, ಚೌಕಾಸಿಯ ಆರಂಭ.

ಹೀಗೆ ಉಣಿಸುವಾಗ ತಾನೂ ಜೊತೆಗೆ ಉಣ್ಣಬೇಕಲ್ಲ. ಉಂಡು ಉಂಡು ಹೊಟ್ಟೆ ಬೆಳೆಯಿತು, ಒಂದು ದಿನ ಹೊಕ್ಕುಳದ ಪಕ್ಕದಲ್ಲಿ ಲಿಂಬೆಹಣ್ಣಿನಷ್ಟು ಗಂಟು ಇಣುಕಿತು. ಹರ್ನಿಯಾ ಎಂದರು ಡಾಕ್ಟರು. ತೂಕ ಇಳಿಯದೆ ಆಪರೇಷನ್ ಮಾಡಿದರೆ ಹೊಲಿಗೆ ನಿಲ್ಲುವುದಿಲ್ಲ, ಮಾಡದೆ ಬಿಟ್ಟರೆ ಯಾವತ್ತಾದರೂ ಕರುಳು ಸಿಕ್ಕಿಕೊಂಡು ಜೀವಕ್ಕೇ ಕುತ್ತು ಬರಬಹುದು ಎಂದರು.

ಹೆಂಡತಿ ನೀಲಗಂಗಾ ಅವತ್ತೇ ಕಾಯಿದೆ ಹೊರಡಿಸಿದಳು. “ಹೋಟೆಲಿನ್ಯಾಗ ಕುಂತ್ರ ಮೊದಲ ಒಂದ ಗ್ಲಾಸ ಮಜ್ಜಗಿ ಕುಡೀರಿ. ಒಂದ ಭಕ್ರಿ, ಕಾಳಪಲ್ಯ, ಮುಗೀತು. ಎಣ್ಣಿ ತೇಲೋದು ಮುಟ್ಟಬ್ಯಾಡ್ರಿ. ಯಾಕಂತ ಕೇಳಿದ್ರ ಡಾಕ್ಟರ್ ಹೇಳ್ಯಾರ ಅನ್ರಿ.”

“ಅದೊಂದ ಬಿಟ್ಟು ಬಾಕಿ ಎಲ್ಲಾ ಅಂತೀನಿ,” ಎಂದ ಸಾತಲಿಂಗಪ್ಪ.

ಅವನಿಗೆ ಪೇಟೆಯ ಮನಸ್ಸು ಗೊತ್ತಿತ್ತು. ಹಿಂದೆ ಮರೆಪ್ಪನೆಂಬ ವ್ಯಾಪಾರಿ ದವಾಖಾನೆ ಸೇರಿದಾಗ ಬೆಳಿಗ್ಗೆ ಸೇಬು ಮೋಸಂಬಿ ಹಿಡಿದು ನೋಡಿಬಂದವನೂ, ಮಧ್ಯಾಹ್ನ ಅದೇ ಮರೆಪ್ಪನ ಗಿರಾಕಿಗಳ ಮುಂದೆ ಚಾದರ ಬಿಚ್ಚಿ ಹರವಿದವನೂ ಇವನೇ. ಮಲಗಿದವನ ಕಡೆಯಿಂದ ಯಾರೂ ಮಾಲು ಕೊಳ್ಳುವುದಿಲ್ಲ.

ಗುರುವಾರ ಅಕ್ಕಲಕೋಟೆಯ ಅಂಗಡಿಗಳನ್ನು ಸುತ್ತುವ ಫೇರಿ. ಅದು ಅಲ್ಲಿಯ ಸ್ವಾಮಿಗಳ ವಾರ, ದರ್ಶನಕ್ಕೆ ಬಂದ ಭಕ್ತರು ಹೋಗುವಾಗ ಚಾದರ ಒಯ್ಯುತ್ತಾರೆ. ಅವರಿಗೆ ಮಾರುವ ಅಂಗಡಿಗಳಲ್ಲಿ ಯೋಗಿರಾಜನದೇ ದೊಡ್ಡದು. ತನ್ನೂರಲ್ಲಿ ಉಣಿಸುವ ಸರದಿ ತನ್ನದೆಂದು ಅವನು ಎಂದಿನಂತೆ ಸಾತಲಿಂಗಪ್ಪನನ್ನು ಪಕ್ಕದ ಖಾನಾವಳಿಗೆ ಕರೆದೊಯ್ದ. ಸಾತಲಿಂಗಪ್ಪ ಹೆಂಡತಿಯ ಪಾಠ ಒಪ್ಪಿಸಿದ. “ನನಗೊಂದ ಭಕ್ರಿ, ಹೆಸರಕಾಳ ಪಲ್ಯ ಸಾಕು.”

ಯೋಗಿರಾಜನ ಹುಬ್ಬು ಮೇಲೇರಿತು. “ಯಾಕ್ರಿ ಸಾವಕಾರ? ರೇಟ್ ಏರಸೋ ವಿಚಾರ ಐತೇನು? ಅದಕ್ಕ ನನ್ನ ಅನ್ನ ಬ್ಯಾಡಾಗೇತಿ?”

ಮೂಲೆಗೆ ಸಿಕ್ಕವನ ಬಾಯಿಂದ ಹೊರಬಿತ್ತು: “ಹಂಗೇನಿಲ್ಲೋ. ಗುರುವಾರ ಉಪವಾಸ ಹಿಡದೀನಿ.”

ಯೋಗಿರಾಜ ಅಲ್ಲಿಯೇ ಕೈಮುಗಿದ. “ಮೊದಲ ಹೇಳಬಾರದೇನ್ರಿ! ಪುಣ್ಯಾತ್ಮರು ನೀವು!”

ಬಂತು ಉಪವಾಸದ ತಾಟು. ತುಪ್ಪದಲ್ಲಿ ಮಿಂದ ಸಾಬುದಾಣಿ ಖಿಚಡಿ, ಅದರಲ್ಲಿ ಸಾಬುದಾಣಿಗಿಂತ ಶೇಂಗಾ ಪುಡಿಯೇ ಹೆಚ್ಚು, ಕರಿದ ಬಟಾಟಿ, ಸಕ್ಕರೆ ಹಾಕಿದ ಗಟ್ಟಿ ಮೊಸರು, ಮೇಲೆ ರಾಜಗೀರದ ಉಂಡಿ. ಊಟದ ತಾಟು ಇದರ ಮುಂದೆ ಪಥ್ಯ. ವ್ರತದ ಅನ್ನ, ಒಂದು ಕಾಳೂ ಬಿಡುವಂತಿಲ್ಲ.

ಸುದ್ದಿ ಅಂಗಡಿಯಿಂದ ಅಂಗಡಿಗೆ ಹೋಯಿತು. ಮುಂದಿನ ಗುರುವಾರ ಒಬ್ಬ ಸಾಬುದಾಣಿ ವಡೆ ಕಟ್ಟಿಸಿ ಇಟ್ಟಿದ್ದ, ಇನ್ನೊಬ್ಬನ ಮನೆಯಿಂದ ಡಬ್ಬಿಯಲ್ಲಿ ಗಟ್ಟಿ ಸಾರಿನಂಥ ಶೇಂಗಾ ಆಮಟಿ ಬಂತು. ಬೇಡವೆನ್ನಲು ಇದ್ದ ಒಂದೇ ಕಾರಣವನ್ನೂ ಅವನು ಖರ್ಚು ಮಾಡಿಕೊಂಡಿದ್ದ. ತಿಂಗಳು ಕಳೆದು ದವಾಖಾನೆಯ ತೂಕದ ಯಂತ್ರ ಏರಿದಾಗ ಮುಳ್ಳು ಹಿಂದಿಗಿಂತ ಮುಂದೆ ನಿಂತಿತು.

“ಏನ್ ತಿಂತೀರಿ?” ಎಂದರು ಡಾಕ್ಟರು.

“ಉಪವಾಸ ಮಾಡಾಕತ್ತೀನ್ರಿ.”

ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿ, ಆಪರೇಷನ್ ಮುಂದೂಡಿದರು.

ಅದಾದ ಮೇಲಿನ ಗುರುವಾರ, ಅಕ್ಕಲಕೋಟೆಯ ದಾರಿಯಲ್ಲಿ ಕುಂಭಾರಿ ಊರು ದಾಟುತ್ತಿದ್ದಂತೆ ಗಂಟು ಹೊರಬಿದ್ದದ್ದು ಒಳಗೆ ಹೋಗಲಿಲ್ಲ. ಕಾರು ಬದಿಗೆ ಹಾಕಿ, ಸೀಟು ಹಿಂದಕ್ಕೆ ಚಾಚಿ, ಬೆವರುತ್ತ ಒತ್ತಿದ, ಉಸಿರು ಬಿಗಿಹಿಡಿದು ಮತ್ತೆ ಒತ್ತಿದ. ಕೊನೆಗೆ ಅದು ಜಾರಿ ಒಳಸರಿಯಿತು. ಇನ್ನು ಸುಳ್ಳು ಹೇಳಿದರೆ ಸಾಯುತ್ತೇನೆ ಎಂದುಕೊಂಡ. ಯೋಗಿರಾಜನ ಎದುರು ಕೂತವನು, ಅವನು ಖಿಚಡಿಯ ಪಾತ್ರೆಗೆ ಸೌಟು ಹಾಕುವ ಮೊದಲೇ ಎಲ್ಲ ಹೇಳಿಬಿಟ್ಟ. ಹರ್ನಿಯಾ, ತೂಕ, ಆಪರೇಷನ್.

“ಅರೆ ದೇವಾ,” ಎಂದ ಯೋಗಿರಾಜ. ಸೌಟು ಕೆಳಗಿಟ್ಟು ಕೂಗಿದ. “ಸಾವಕಾರ್ರಿಗಿ ಒಂದ ಭಕ್ರಿ, ಕಾಳಪಲ್ಯ, ಮಜ್ಜಗಿ ತಾ. ಎಣ್ಣಿ ಬ್ಯಾಡ.”

ಬಂತು. ಇಷ್ಟು ದಿನ ಬೇಡಿದ್ದೇ ಬಂತು. ಯಾರೂ ಇನ್ನೊಂದು ಹಾಕಲಿಲ್ಲ. ಯೋಗಿರಾಜ ತನ್ನ ತಾಟು ನೋಡುತ್ತ ಮೆತ್ತಗೆ ಹೇಳಿದ. “ಆರಾಮ ತಗೋರಿ. ಥಂಡಿಗಾಲದ ಮಾಲಿಂದು ನೀವು ಚಿಂತಿ ಮಾಡಬ್ಯಾಡ್ರಿ. ಈ ಸರತಿ ಬ್ಯಾರೆ ಯಾರರ ಕಡಿ ತಗೊಂಡು ನಡಸ್ತೀನಿ.”

ರೋಗಿಯ ಮಂಚದ ಪಕ್ಕ ಕೂತವರ ದನಿ ಅದು. ಸಾತಲಿಂಗಪ್ಪ ಭಕ್ರಿಯ ಒಂದು ತುಂಡು ಮುರಿದ. ಪಲ್ಯ ರುಚಿಯಾಗಿಯೇ ಇತ್ತು. ಎರಡನೆಯ ತುತ್ತು ಎತ್ತಿದವನು ಹಾಗೆಯೇ ಇಳಿಸಿ ಗಹಗಹಿಸಿ ನಕ್ಕ.

“ನಂಬೇ ಬಿಟ್ಟೆಲ್ಲೋ ಯೋಗಿರಾಜ! ಮಸ್ಕರಿ ಮಾಡಿದೆ. ನನಗೇನ ಆಗೇತಿ? ತಾ ಖಿಚಡಿ ಇಲ್ಲೆ!”

“ಹೆದರಸಿಬಿಟ್ರಲ್ರಿ ಮಾರಾಯ್ರ!” ಯೋಗಿರಾಜನ ಮುಖ ಅರಳಿತು. ಪಾತ್ರೆಯನ್ನೇ ಎತ್ತಿಕೊಂಡು ತನ್ನ ಕೈಯಾರೆ ಬಡಿಸತೊಡಗಿದ.

“ಸಾಕೋ, ಸಾಕು,” ಎಂದು ಸಾತಲಿಂಗಪ್ಪ ತಾಟಿನ ಮೇಲೆ ಒಂದು ಕೈ ಅಡ್ಡ ಹಿಡಿದ. ಇನ್ನೊಂದು ಕೈ ಮೇಜಿನ ಕೆಳಗೆ ಗಂಟನ್ನು ಒತ್ತಿಕೊಂಡಿತ್ತು. ಬಿಸಿ ಖಿಚಡಿ ಬೆರಳುಗಳ ನಡುವಿನಿಂದ ತಾಟಿಗೆ ಬೀಳುತ್ತಿರುವಾಗಲೇ ಕೇಳಿದ. “ಥಂಡಿಗಿ ಎಷ್ಟ ಗಠಡಿ ಚಾದರ ಕಳಸ್ಲಿ?”