ಹಾಯಿದೋಣಿಯಲ್ಲಿ ನನಗೊಂದು ಹಾಸಿಗೆ

"ಏ, ನಿನ್ನ ತೂಕ ಎಷ್ಟದ?"

ಮಕ್ಕಳ ಮದುವೆ ಮುಗಿಸಿದ ಮೇಲೆ ಗಂಡನಾದವನು ಕೇಳುವ ಪ್ರಶ್ನೆಯೇ ಇದು? ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ತಿರುಗಿ ನೋಡಿದರೆ ನಮ್ಮನೆಯವರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಗಂಭೀರವಾಗಿ ಕಾಯುತ್ತಿದ್ದಾರೆ.

"ಯಾಕ್ರಿ, ಮಾರೋರಿದ್ದೀರೇನು?" ಅಂದೆ.

"ದೋಣಿ ಮಾಡಾಕತ್ತೇನಿ. ಲೆಕ್ಕ ಬೇಕು."

ಹೊಸ ಓದುಗರಿಗೆ ಒಂದು ಮಾತು (ಹಳಬರಿಗೆ ನಮ್ಮನೆ ಪುರಾಣ ಬಾಯಿಪಾಠ). ನಮ್ಮನೆಯವರು ಅತನೂರಿನ ಜೋಳದ ಹೊಲದಿಂದ ನೇರ ನೌಕಾದಳ ಸೇರಿದವರು. ರಿಟೈರ್ ಆಗಿ ಅಫಜಲಪುರದ ಮನೆಗೆ ಬಂದ ಮೇಲೆ ಮಾತೇ ಕಡಿಮೆಯಾಗಿತ್ತು. ಬೆಳಿಗ್ಗೆ ಕಟ್ಟೆಯ ಮೇಲೆ ಕೂತರೆ ಅಲ್ಲೇ. ಪೇಪರ್ ತೊಡೆಯ ಮೇಲೆ, ಕಣ್ಣು ಇನ್ನೆಲ್ಲೋ. ನಾನು ಶಾಲೆಯಲ್ಲಿ ಗಣಿತ ಹೇಳಿ ಮನೆಗೆ ಬಂದರೂ ಅದೇ ಭಂಗಿ. ಹೆದರಿಕೆಯಾಗುತ್ತಿತ್ತು. ಈ ಮನುಷ್ಯ ಹೀಗೇ ಕೂತು ಕೂತು ಮುಗಿದುಹೋದರೆ?

ಹಾಗಾಗಿ ದೋಣಿ ಎಂದಾಗ ನಾನು ನಗಲಿಲ್ಲ. ಊರು ನಕ್ಕಿತು, ಆ ಮಾತು ಬೇರೆ.

ಕಿಡಿ ಹಚ್ಚಿದವರು ಸೊಲ್ಲಾಪುರದ ಜಾಧವರು, ನೌಕಾದಳದಲ್ಲಿ ಇವರ ಹಳೆಯ ಗೆಳೆಯ. ಫೈಬರಿನ ರೆಡಿಮೇಡ್ ಹಾಯಿದೋಣಿ ಕೊಂಡಿದ್ದರು. "ನೀನೂ ಒಂದು ಮಾಡೋ, ಭೀಮಾ ಹೊಳ್ಯಾಗ ರೇಸ್ ಬಿಡೋಣು" ಎಂದು ಹೇಳಿ ಹೋಗಿದ್ದರು.

ನನ್ನದು ಒಂದೇ ಷರತ್ತು. "ಅದರಾಗ ನಾ ಒಂದ್ ರಾತ್ರಿ ಮಲಗಬೇಕ್ರಿ."

ಯಾಕೆ ಗೊತ್ತೇ? ಪ್ರತಿ ರಜೆಗೂ ಬಂದು "ಮುಂದಿನ ಸಲ ಹಡಗಿನ್ಯಾಗ ನಿನ್ನ ಕರಕೊಂಡು ಹೋಗ್ತೇನಿ" ಅಂದವರು ಇವರು. ಆ ಮುಂದಿನ ಸಲ ಬರಲೇ ಇಲ್ಲ. ನಾನು ಹತ್ತಿದ ದೊಡ್ಡ ವಾಹನ ಎಂದರೆ ಜೇವರ್ಗಿ ಬಸ್ಸು. (ಅದೂ ಮಳೆಗಾಲದ ರಸ್ತೆಯಲ್ಲಿ ಹಡಗಿನಂತೆಯೇ ತೂಗುತ್ತದೆ ಅನ್ನಿ.)

ಇವರು ತಲೆ ಅಲ್ಲಾಡಿಸಿದರು. "ಆಗೂದಿಲ್ಲ. ರೇಸಿನ ದೋಣಿ ಹಗೂರ ಇರಬೇಕು. ಮಲಗಾಕ ಖೋಲಿ ಕಟ್ಟಿದ್ರ ಅದು ಎಮ್ಮಿ ಆಗ್ತದ."

"ಹಂಗಾದ್ರ ಎಮ್ಮೀನ ಕಟ್ರಿ."

ಒಂದಷ್ಟು ದಿನ ಕೆಲಸ ನಿಂತಿತು. ಪ್ಲೈವುಡ್ ಅಂಗಳದ ಗೋಡೆಗೆ ಸುಮ್ಮನೆ ಒರಗಿತ್ತು. ಇವರು ನಕ್ಷೆ ಬರೆಯುವುದು, ಅಳಿಸುವುದು, ಮತ್ತೆ ಕಟ್ಟೆಗೆ ಹೋಗಿ ಕೂರುವುದು. ಷರತ್ತು ಬಿಟ್ಟುಬಿಡಲೇ ಅನ್ನಿಸಿತು. ಬಿಡಲಿಲ್ಲ. ಬಿಟ್ಟಿದ್ದರೆ ಆ ದೋಣಿ ಅವರೊಬ್ಬರದಾಗುತ್ತಿತ್ತು.

ಒಂದು ಮುಂಜಾನೆ ಹಾಸಿಗೆ ಸುತ್ತುತ್ತಿದ್ದಾಗ ಹೊಳೆಯಿತು. ನಮ್ಮ ಮನೆಗಾದರೂ ಬೆಡ್‌ರೂಮ್ ಎಲ್ಲಿದೆ? ಇರುವುದೊಂದು ಪಡಸಾಲೆ. ಹಗಲು ಬಂದವರು ಕೂರುತ್ತಾರೆ, ರಾತ್ರಿ ನಾವು ಹಾಸಿಕೊಳ್ಳುತ್ತೇವೆ.

"ಖೋಲಿ ಯಾಕ ಬೇಕ್ರಿ?" ಅಂದೆ. "ಎರಡೂ ಬಾಜೂಕ ಕೂಡೋ ಹಲಗಿ ಇರ್ತಾವಲ್ಲ, ರಾತ್ರಿ ಅವುಗಳ ನಡುವ ಬ್ಯಾರೆ ಹಲಗಿ ಹಾಸಿದ್ರ ಪಲ್ಲಂಗ ಆತು. ಮ್ಯಾಲ ತಾಡಪತ್ರಿ. ರೇಸಿನ ದಿನ ಎಲ್ಲಾ ದಂಡಿಮ್ಯಾಲ ಇಳಿಸಿಬಿಡ್ರಿ."

ಇವರ ಕಿವಿಯಿಂದ ಪೆನ್ಸಿಲ್ ಇಳಿಯಿತು. ಹಾಕಿಕೊಟ್ಟ ಚಹಾ ಆರಿಹೋಯಿತು. ಇಬ್ಬರು ಮಲಗುವಷ್ಟು ಅಗಲ ಬೇಕೆಂದು ನಕ್ಷೆ ತುಸು ಹಿಗ್ಗಿತು, ಅಷ್ಟೆ.

ಆಮೇಲೆ ಅಂಗಳದ ತುಂಬ ಗರಗಸದ ಸದ್ದು, ಅಂಟು, ಪೇಂಟಿನ ವಾಸನೆ. ಹಾಯಿ ಹೊಲಿದದ್ದು ನಾನು, ನನ್ನ ಮಷೀನಿನಲ್ಲೇ. ಬಟ್ಟೆ ಪಡಸಾಲೆ ತುಂಬಿ ಅಡುಗೆಮನೆಗೂ ಹರಿದಿತ್ತು.

ಹೋದ ಶನಿವಾರ ದೋಣಿಯನ್ನು ಟ್ರ್ಯಾಕ್ಟರಿಗೆ ಏರಿಸಿ ಹೊರಟೆವು. ಚೌಡಾಪುರದಲ್ಲಿ ಚಹಾಕ್ಕೆ ನಿಂತರೆ ಜನ ಮುತ್ತಿಕೊಂಡರು. ಹಿರಿಯರೊಬ್ಬರು ಒಂದು ಸುತ್ತು ಬಂದು, ದೋಣಿಯ ಮೈ ತಟ್ಟಿ ಕೇಳಿದರು: "ನೀರು ಕುಡಸಾಕ ಇಷ್ಟ ದೊಡ್ಡ ದೋಣಿ? ಎಷ್ಟು ದನ ಅವ್ರಿ ನಿಮ್ಮವು?" (ನಮ್ಮ ಕಡೆ ದನ ನೀರು ಕುಡಿಯುವ ತೊಟ್ಟಿಗೂ ದೋಣಿ ಅಂತಲೇ ಹೆಸರು.)

ಗಾಣಗಾಪುರದ ಹತ್ತಿರ ಹೊಳೆ ಅಗಲವಾಗಿ ನಿಲ್ಲುವ ಮಡುವಿನಲ್ಲಿ ಭಾನುವಾರ ರೇಸು. ಟಿವಿ ಧಾರಾವಾಹಿ ಬಿಟ್ಟು ಜನ ದಂಡೆಗೆ ಬಂದಿದ್ದರು. ಜಾಧವರು ಖಜೂರಿ, ಆಳಂದ ದಾಟಿ ಟೆಂಪೋದಲ್ಲಿ ತಮ್ಮ ಬಿಳಿ ದೋಣಿ ತಂದಿದ್ದರು. ಜೊತೆಗೆ ತೆಳ್ಳನೆಯ ಅಳಿಯ. ದಂಡೆಯ ಮೇಲಿದ್ದ ನಮ್ಮ ಹಲಗೆ, ಹಾಸಿಗೆ, ಸ್ಟೋವ್ ನೋಡಿ ನಕ್ಕರು.

"ವಹಿನಿ, ರೇಸಿಗೆ ಬಂದೀರೋ, ಸಂಸಾರ ಹೂಡಾಕ ಬಂದೀರೋ?"

"ಎರಡಕ್ಕೂರಿ."

ದೂರದಲ್ಲಿ ತೇಲಿಬಿಟ್ಟ ಖಾಲಿ ಡಬ್ಬಿಯನ್ನು ಸುತ್ತಿ ಮರಳಬೇಕು. ಹೋಗುವಾಗ ಎದುರುಗಾಳಿ. ಎದುರುಗಾಳಿಗೆ ಹಾಯಿದೋಣಿ ನೆಟ್ಟಗೆ ಹೋಗದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಸಾಗಬೇಕು. ಜಾಧವರು ಮುಂದೆ ಹೋದರು. ಅವರ ಬೆನ್ನು ಸಣ್ಣದಾಗುತ್ತಾ ಬಂತು. ಸೋತರೆ ಇವರು ಬಾಯಿಬಿಟ್ಟು ನನ್ನನ್ನು ಅನ್ನುವವರಲ್ಲ. ಆದರೆ ದೋಣಿ ಅಗಲ ಮಾಡಿಸಿದ್ದು ನಾನೇ ತಾನೆ?

ಆಗ ಬಂತು ಗಾಳಿ. ನೀರಿನ ಮೇಲೆ ಕಪ್ಪು ಗೆರೆ ಎಳೆದ ಹಾಗೆ. ಜಾಧವರ ದೋಣಿ ವಾಲಿತು. ಮಗುಚೀತೆಂದು ಹಾಯಿಯ ಹಗ್ಗ ಸಡಿಲಿಸಿದರು. ವೇಗ ಬಿತ್ತು.

"ಹಿಂದಕ್ಕ ಬಾಗು!" ಇವರು ಕೂಗಿದರು.

ಕಚ್ಚೆ ಹಾಕಿ ಸೀರೆ ಉಟ್ಟಿದ್ದೆ. ದೋಣಿಯ ಅಂಚಿನ ಮೇಲೆ ಕೂತು, ಪಾದವನ್ನು ಒಳಗೆ ಬಿಗಿದ ಪಟ್ಟಿಗೆ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲಕ್ಕೆ ಚಾಚಿದೆ. (ನನ್ನ ವಿದ್ಯಾರ್ಥಿಗಳು ಯಾರೂ ಅಲ್ಲಿರಲಿಲ್ಲ, ಪುಣ್ಯ.) ದೋಣಿ ನೆಟ್ಟಗಾಯಿತು. ಅಗಲದ ದೋಣಿ, ಮೇಲೆ ನನ್ನ ಭಾರ. ವಾಲುವುದೆಲ್ಲಿ ಬಂತು? ಇವರು ಹಗ್ಗ ಬಿಡಲೇ ಇಲ್ಲ. ಕಿವಿಯ ಕೆಳಗೇ ನೀರು ಸರ್ರೆಂದು ಓಡಿತು.

ಡಬ್ಬಿಯನ್ನು ಮೊದಲು ಸುತ್ತಿದವರು ನಾವು!

ವಾಪಸ್ ಬರುವಾಗ ಗಾಳಿ ಬೆನ್ನಿಗೆ. ನಾನು ಹೊಲಿದ ಹಾಯಿ ಹೊಟ್ಟೆ ಉಬ್ಬಿಸಿಕೊಂಡಿತು. ಜಾಧವರು ಬೆನ್ನಟ್ಟಿದರು, ಹತ್ತಿರವೂ ಬಂದರು, ಮುಟ್ಟಲಿಲ್ಲ. ದಂಡೆಯಲ್ಲಿ ರುಮಾಲು ಹಾರಿದವು. ಇವರು ಚುಕ್ಕಾಣಿ ಹಿಡಿದುಕೊಂಡೇ "ಹೋ" ಎಂದು ಅರಚಿದರು. ಇಷ್ಟು ದೊಡ್ಡ ದನಿ ಇವರಲ್ಲಿ ಇನ್ನೂ ಉಳಿದಿತ್ತೇ?

ದಂಡೆಗೆ ಬಂದ ಜಾಧವರು ಮೊದಲು ಮಾಡಿದ ಕೆಲಸ, ನಮ್ಮ ಹಲಗೆಗಳನ್ನು ಗೇಣು ಹಾಕಿ ಅಳೆದದ್ದು. "ನಮ್ಮಾಕೀನೂ ಕೇಳಾಕತ್ತಾಳ್ರಿ ವಹಿನಿ, ಮಲಗಾಕ ಜಾಗಾ ಎಲ್ಲಿ ಅದ ಅಂತ."

ಅಂದು ಹೊಳೆಯಲ್ಲೇ ಲಂಗರು ಹಾಕಿ ಮಲಗಿದೆವು. ತೊಟ್ಟಿಲ ಕೂಸಿನಂಥ ನಿದ್ದೆ. ಕಣ್ಣು ಬಿಟ್ಟರೆ ನೀರಿನ ಮೇಲೆ ಮಂಜು, ಆಚೆ ಒಂಟಿಕಾಲ ಕೊಕ್ಕರೆ, ಈಚೆ ಸ್ಟೋವಿಗೆ ಪಂಪು ಹೊಡೆಯುತ್ತಾ ಹಾಡು ಗುನುಗುತ್ತಿರುವ ಗಂಡ.

ಊರಿಗೆ ಬಂದಾಗಿನಿಂದ ಸ್ಟಾಫ್‌ರೂಮಿನಲ್ಲಿ, ಸಂತೆಯಲ್ಲಿ ಒಂದೇ ಪ್ರಶ್ನೆ. "ಅದರಿಂದ ಏನು ಉಪಯೋಗರಿ ಟೀಚರ್?" ವಯಸ್ಸಾದವರು ಯಾತ್ರೆಗೆ ಹೋದರೆ ಪುಣ್ಯ, ಹೊಲಕ್ಕೆ ಹೋದರೆ ಜೋಳ. ಬರೀ ಖುಷಿಗೆ ಹೋದರೆ ಮಾತ್ರ ಜವಾಬು ಕೊಡಬೇಕು.

ಜವಾಬಿನ ಬದಲು ನನ್ನದು ಒಂದು ಮರುಪ್ರಶ್ನೆ ಇದೆ: ನಡು ಹೊಳ್ಯಾಗ ಕುಂತು, ದಂಡಿಗೆ ಹೊಳ್ಳಿ ಹೋಗೂ ಅವಸರನ ಇಲ್ಲದ, ಎಂದಾರ ಒಮ್ಮೆ ಚಹಾ ಕುಡದೀರೇನ್ರಿ?